ಕೊಸರು ಕೇಳಬಾರದ ಸರಕು

"ಬಾಟಲಿ ತಂದಿದೀಯಲ್ಲ, ಮೂಸಿ ನೋಡ್ದೆ. ನಿನ್ನೆ ತನಕ ಇದ್ರಲ್ಲಿ ಸೀಮೆಎಣ್ಣೆ ಇತ್ತು. ಇದಕ್ಕೆ ನಾನು ರಾಳ ಸುರೀಬೇಕಾ? ಸುರಿಯಲ್ಲ. ತೊಳೆದೆ ಅಂತೀಯಾ? ನೀರಲ್ಲಿ ತೊಳೆದ್ಯಾ? ಇನ್ನೂ ಚೆನ್ನಾಯ್ತು, ಸೀಮೆಎಣ್ಣೆ ಜೊತೆ ನೀರೂ ಸೇರ್ತು. ಆಮೇಲೆ ಗಟ್ಟಿ ಆಗ್ಲಿಲ್ಲ ಅಂತ ನನ್ನ ಅಂಗಡಿ ಮುಂದೆ ಬಂದು ಎದೆ ಬಡ್ಕೊಳ್ತೀಯ. ನಿಮ್ಮ ಸಾಲಿನೋರನ್ನ ನಾನು ನೋಡಿಲ್ವಾ? ಒಬ್ಬ ಡಬ್ಬಾನ ಬಿಸಿಲಿಗೆ ಕಾದ ತಗಡಿಗೆ ಒರಗಿಸಿ ಇಡ್ತಾನೆ. ಮುಚ್ಚಳ ಎಲ್ಲಪ್ಪಾ ಅಂದ್ರೆ ಅದ್ರಲ್ಲಿ ಮೊಳೆ ಹಾಕ್ಕೊಂಡಿದೀನಿ ಅಂತಾನೆ. ಇನ್ನೊಬ್ಬ ರಾಳದ ಡಬ್ಬದ ಮುಚ್ಚಳ ಅದನ್ನ ಗಟ್ಟಿ ಮಾಡೋ ಹೆಪ್ಪಿನ ಡಬ್ಬಕ್ಕೆ, ಹೆಪ್ಪಿಂದು ರಾಳಕ್ಕೆ ಒತ್ತಿ ಹಾಕಿ, ಎರಡೂ ಕಚ್ಕೊಂಡು, ಈಗ ಉಳಿ ಹಿಡ್ಕೊಂಡು ಡಬ್ಬದ ಕತ್ತು ಕುಯ್ತಾ ಕೂತಿದಾನೆ. ಮೂರನೆಯವನು ಒಂದು ಬಕೆಟ್ ಪೂರ್ತಿ ಒಟ್ಟಿಗೆ ಕಲಸಿಟ್ಟು ಊಟಕ್ಕೆ ಹೋದ. ಬಂದು ನೋಡಿದ್ರೆ ಬಕೆಟ್ ಹೊಗೆ ಉಗುಳ್ತಾ ಇದೆ, ದೆವ್ವ ಬಂತು ಅಂತ ಕೇರಿಗೆಲ್ಲ ಕೇಳೋ ಹಂಗೆ ಕೂಗಿದ. ದೆವ್ವ ಅಲ್ಲಪ್ಪಾ, ಲೆಕ್ಕ ತಪ್ಪಿದ ಶಾಖ. ನನಗೆ ಓದು ಬರಲ್ಲ. ಡಬ್ಬದ ಮೇಲೆ ಚಿತ್ರ ಬರ್ದಿದಾರೆ, ರಾಳ ಎರಡು ಲೋಟ, ಹೆಪ್ಪು ಒಂದು ಲೋಟ. ಕಣ್ಣು ಇದ್ರೆ ಸಾಕು. ನಿಮಗೆ ಕಣ್ಣೂ ಇದೆ, ಓದೂ ಇದೆ, ಅದಕ್ಕೇ ಹಿಂಗೆ ಹಾಳಾಗಿದೀರ. ಹೋಗು, ಒಣಗಿದ ಬಾಟಲಿ ತಗೊಂಡು ಬಾ."

ಅಫಿಯಾ ದುಫಿಯೆ ಗಿರಾಕಿಗಳ ಜೊತೆ ಮಾತಾಡುತ್ತಿದ್ದ ರೀತಿಯೇ ಇದು. ಕುಮಾಸಿ ಪಟ್ಟಣದ ಹೊರಗಿನ ಮರದ ಕೇರಿಯಲ್ಲಿ ಅವಳ ಬಾಯಿಗೆ ಸಿಕ್ಕದೆ ಉಳಿದ ಬಡಗಿ ಒಬ್ಬನೂ ಇರಲಿಲ್ಲ. ಆದರೂ ಎಲ್ಲರೂ ಅವಳ ಹತ್ತಿರವೇ ಬರುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಮರದ ಸೀಳಿನಲ್ಲಿ, ಎರಡು ಹಲಗೆಗಳ ನಡುವಿನ ಕಾಲುವೆಯಲ್ಲಿ ಹೊಯ್ದರೆ ಗಾಜಿನ ಹಾಗೆ ನಿಲ್ಲುವ ಆ ರಾಳವನ್ನು ಕೆಡದ ಹಾಗೆ ಇಟ್ಟುಕೊಂಡು ಮಾರುವವಳು ಇಡೀ ಕೇರಿಗೆ ಅವಳೊಬ್ಬಳೇ.

ದುಫಿಯೆಯ ತಾಯಿ ತಾಳೆಎಣ್ಣೆ ಮಾರುತ್ತಿದ್ದಳು. ದುಫಿಯೆಯೂ ಲಾಳಿಕೆ ಹಿಡಿಯಲು ಕೈ ಬಂದ ದಿನದಿಂದ ಎಣ್ಣೆಯನ್ನೇ ಅಳೆದವಳು. ಮದುವೆಯಾದದ್ದು ಮರ ಕೊಯ್ಯುವ ಮಿಲ್ಲಿನವನನ್ನು. ಅವನು ಹೆಚ್ಚು ಕೂಲಿ ಸಿಗುತ್ತದೆಂದು ಗಡಿ ದಾಟಿ ಅಬಿಜಾನಿಗೆ ಹೋದ. ಅಲ್ಲಿ ಇನ್ನೊಂದು ಮನೆ ಕಟ್ಟಿ, ಇವಳಿಗೆ ಒಂದು ಗೋಡೆ ಗಡಿಯಾರ ಕಳಿಸಿದ. ಗಡಿಯಾರ ನಡೆಯುತ್ತಿರಲಿಲ್ಲ. ಅವಳು ಅದನ್ನೂ ಮಾರಿದಳು, ಅವನ ಮಾತನ್ನೂ ಬಿಟ್ಟಳು. ಮರದ ಕೇರಿಯ ಬಾಗಿಲಲ್ಲಿ ಎಣ್ಣೆಯ ಬಾಟಲಿಗಳನ್ನು ಜೋಡಿಸಿಕೊಂಡು ಇಪ್ಪತ್ತು ವರ್ಷ ಕೂತಳು.

ಆಮೇಲೆ ಕೇರಿಗೆ ನದಿಯ ಹುಚ್ಚು ಹಿಡಿಯಿತು. ಇಟಲಿಯಿಂದ ಮರಳಿದ ಯಾರೋ ಒಬ್ಬ ಫೋನಿನಲ್ಲಿ ಒಂದು ಮೇಜಿನ ಚಿತ್ರ ತೋರಿಸಿದ. ಎರಡು ಮರದ ದಂಡೆ, ನಡುವೆ ನೀಲಿ ನೀರು ನಿಂತ ಹಾಗೆ ರಾಳ. ಅಷ್ಟೇ ಸಾಕಾಯಿತು. ನಿನ್ನೆಯವರೆಗೆ ನೆಟ್ಟಗೆ ಒಂದು ಸ್ಟೂಲು ಮಾಡಲು ಬಾರದವನೂ ಇವತ್ತು ನದಿ ಮಾಡುವವನೇ. ಊಟದ ಮೇಜಿನಲ್ಲಿ ನದಿ, ಮಂಚದ ತಲೆದಿಕ್ಕಿನಲ್ಲಿ ನದಿ, ಒಬ್ಬನಂತೂ ಕಕ್ಕಸಿನ ಬಾಗಿಲಿನಲ್ಲಿ ನದಿ ಹರಿಸಿದ. ಸಮುದ್ರದ ದಂಡೆಯ ತೇಮಾದಿಂದ ಡಬ್ಬಗಳು ಲಾರಿ ಹತ್ತಿ ಬಂದವು. ಡಿಸೆಂಬರಿನಲ್ಲಿ ಮರಳುಗಾಡಿನ ಒಣಗಾಳಿ ಎದ್ದು ಬೆಳಗಿನ ಜಾವ ಚಳಿ ಹಿಡಿದಾಗ, ಡಬ್ಬದೊಳಗಿನ ರಾಳ ಬೆಳ್ಳಗಾಗಿ ಸಕ್ಕರೆಯ ಹಾಗೆ ಹರಳುಗಟ್ಟಿತು. ಮಾಸ್ಟರು ಎನ್ನಿಸಿಕೊಂಡ ಹಿರಿಯ ಬಡಗಿಗಳು ಮುಚ್ಚಳ ತೆಗೆದು ನೋಡಿದರು, ಕೆಟ್ಟಿದೆ ಎಂದರು, ಕಳ್ಳಮಾಲು ಎಂದರು, ತೇಮಾದವರ ತಾಯಿತಂದೆಯನ್ನು ನೆನೆದರು, ಮರದ ಹೊಟ್ಟಿನ ರಾಶಿಯ ಮೇಲೆ ಡಬ್ಬ ಎಸೆದರು.

ದುಫಿಯೆ ಎದ್ದು ಹೋಗಿ ಆರಿಸಿಕೊಂಡು ಬಂದಳು. ಚಳಿಗೆ ತಾಳೆಎಣ್ಣೆ ಹೆಪ್ಪುಗಟ್ಟುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ಬಾಣಲೆಯಲ್ಲಿ ನೀರು ಕಾಯಿಸಿ, ಕೈಯಿಟ್ಟರೆ ತಡೆಯುವಷ್ಟು ಬಿಸಿಯಲ್ಲಿ ಮುಚ್ಚಳ ಬಿಗಿದ ಡಬ್ಬಗಳನ್ನು ನಿಲ್ಲಿಸಿದಳು. ನೀರು ಆರಿದಾಗಲೆಲ್ಲ ಬದಲಾಯಿಸಿದಳು. ಮಧ್ಯಾಹ್ನದ ಹೊತ್ತಿಗೆ ರಾಳ ತಿಳಿಯಾಗಿ, ಅದರ ಮೂಲಕ ನೋಡಿದರೆ ಆಚೆಯವನ ಮೂಗು ಕಾಣುವ ಹಾಗಾಯಿತು. ಎಸೆದವರಿಗೇ ಅದನ್ನು ಮಾರಿದಳು. ಒಬ್ಬನಿಗೂ ಗುರುತು ಸಿಗಲಿಲ್ಲ. "ಇದು ಒಳ್ಳೇ ಮಾಲು ನೋಡು, ಅದರ ಹಂಗಲ್ಲ" ಎಂದರು. ಅಂದಿನಿಂದ ಅವಳು ಎಣ್ಣೆ ಬಿಟ್ಟಳು. ಮಾಸ್ಟರುಗಳ ಮೇಲೆ ಉಳಿದಿದ್ದ ಅಷ್ಟಿಷ್ಟು ಗೌರವವೂ ಅವತ್ತೇ ಹೋಯಿತು.

ಅವಳ ಅಂಗಡಿ ಎಂದರೆ ಒಂದು ಹಳೆಯ ಕಂಟೇನರ್ ಡಬ್ಬಿಯ ಅರ್ಧ. ಮೇಲೆ ತೆಂಗಿನ ಗರಿ ಹೊದಿಸಿದ್ದಳು. ನೆಲಕ್ಕೆ ಹಲಗೆ ಹಾಸಿ ಅದರ ಮೇಲೆ ಸರಕು ಇಡುತ್ತಿದ್ದಳು. ರಾಳ ಒಂದು ಗೋಡೆಗೆ, ಹೆಪ್ಪು ಎದುರು ಗೋಡೆಗೆ. ತಳದಲ್ಲಿ ಒತ್ತಿದ ಅಂಕಿ ನೋಡಿ ಮೊದಲು ಬಂದದ್ದು ಮುಂದೆ, ಆಮೇಲಿನದು ಹಿಂದೆ. ಒಂದೇ ಅಂಕಿಯವು ಒಟ್ಟಿಗೆ. ಆ ಜಾಗದ ಮೇಲೆ ಮೊಳೆ ಮಾರುವ ಮೂವರ ಕಣ್ಣಿತ್ತು. ಅವಳು ಕೆಮ್ಮಿದರೆ ಸಾಕು, "ಹುಷಾರಿಲ್ವಾ ಅಮ್ಮಾ?" ಎಂದು ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಅಳತೆ ನೋಡಿಕೊಂಡು ಹೋಗುತ್ತಿದ್ದರು.

ಇನ್ನು ಕೊಸರಿನ ಮಾತು. ಇಲ್ಲಿ ಕೊಸರು ಇಲ್ಲದೆ ವ್ಯಾಪಾರ ಮುಗಿಯುವುದಿಲ್ಲ. ಟೊಮೆಟೊ ಕೊಂಡರೆ ಮೇಲೊಂದು, ಮೀನು ಕೊಂಡರೆ ಬಾಲದ ಕಡೆಯದೊಂದು, ಎಣ್ಣೆ ಕೊಂಡರೆ ಬಾಟಲಿ ತುಂಬಿದ ಮೇಲೂ ಒಂದು ಸುರಿ. ಕೊಡದವಳನ್ನು ಜಿಪುಣಿ ಎಂದು ಮೂರು ಬೀದಿ ದಾಟಿ ಹೆಸರಿಡುತ್ತಾರೆ. ದುಫಿಯೆ ಕೊಡುತ್ತಿದ್ದಳು, ಆದರೆ ದ್ರವ ಕೊಡುತ್ತಿರಲಿಲ್ಲ. ಕಲಕುವ ಕಡ್ಡಿ, ಒರೆಸುವ ಚಿಂದಿ, ಒಂದು ತುಂಡು ಮರಳುಕಾಗದ. ಎರಡಕ್ಕೆ ಒಂದು ಎಂದರೆ ಎರಡಕ್ಕೆ ಒಂದೇ. ಆ ಸರಕಿಗೆ ದೊಡ್ಡ ಮನಸ್ಸು ತಿಳಿಯುವುದಿಲ್ಲ.

ಮಾಸ್ಟರ್ ಅದುತ್ವುಮ್ ಇದನ್ನು ಒಪ್ಪಲಿಲ್ಲ. ಕೇರಿಯಲ್ಲಿ ನಲವತ್ತು ವರ್ಷದಿಂದ ಇದ್ದ ಬಡಗಿ ಅವನು, ದಿನಕ್ಕೆ ನಲವತ್ತು ಸಲ ಅದನ್ನು ಹೇಳುತ್ತಿದ್ದವನು. ಉಳಿ ಹಿಡಿದರೆ ಕೈ ಒಳ್ಳೆಯದೇ. ಬಾಯಿ ತೆರೆದರೆ ಮಾತ್ರ ಕೆಲಸ ಕೆಡುತ್ತಿತ್ತು. ಈಸ್ಟರಿಗೆ ಮುಂಚೆ ಅವನಿಗೆ ಒಂದು ಚರ್ಚಿನ ಹೆಂಗಸರ ಸಂಘದಿಂದ ಪಾದ್ರಿ ನಿಂತು ಬೋಧಿಸುವ ಪೀಠದ ಕೆಲಸ ಬಂತು. ಓಡುಮ್ ಮರದ ದಪ್ಪ ಹಲಗೆ, ಮಧ್ಯೆ ಮೇಲಿಂದ ಕೆಳಗೆ ನದಿ. ರಾಳ ಕೊಳ್ಳಲು ಅವನು ಒಬ್ಬನೇ ಬರಲಿಲ್ಲ. ಪಾಲಿಶ್ ಹಾಕುವ ಟವಿಯಾ ಮತ್ತು ಇನ್ನು ನಾಲ್ಕು ಜನ ಕೆಲಸವಿಲ್ಲದವರನ್ನು ಹಿಂದೆ ಕಟ್ಟಿಕೊಂಡು ಬಂದ.

"ನಾಲ್ಕು ಲೀಟರ್ ರಾಳ, ಅದಕ್ಕೆ ತಕ್ಕ ಹೆಪ್ಪು" ಎಂದ. ಅವಳು ಎತ್ತಿ ಇಟ್ಟಳು. "ಕೊಸರು?" ಎಂದ.

ಅವಳು ಎರಡು ಕಡ್ಡಿ, ಒಂದು ಚಿಂದಿ ಇಟ್ಟಳು.

"ನೋಡ್ರಪ್ಪಾ ಕೊಸರು! ಹಲ್ಲು ತಿಕ್ಕೋಕೆ ಕಡ್ಡಿ, ಮೂಗು ಒರೆಸ್ಕೊಳ್ಳೋಕೆ ಬಟ್ಟೆ."

"ನಿನಗೆ ಎರಡೂ ಬೇಕು ಅನ್ನಿಸ್ತು, ಮಾಸ್ಟರ್."

ಟವಿಯಾ ನಕ್ಕ. ಅದುತ್ವುಮಿಗೆ ಅದು ಚುಚ್ಚಿತು. "ನಿನ್ನವ್ವ ಎಣ್ಣೆ ಮಾರ್ತಿದ್ಲಲ್ಲ, ಅವಳ ಕೈ ಕೈ. ಬಾಟಲಿ ತುಂಬಿ ಹೊರಗೆ ಚೆಲ್ಲೋ ಹಂಗೆ ಸುರೀತಿದ್ಲು. ನೀನು ಅವಳ ಹೊಟ್ಟೇಲಿ ಹುಟ್ಟಿದವಳಾ, ಇಲ್ಲಾ ಹೊಟ್ಟಿನ ರಾಶೀಲಿ ಸಿಕ್ಕಿದವಳಾ? ಅವಳು ಈಗ ಬಂದು ನೋಡಿದ್ರೆ ಮಗಳು ಅಂತ ಹೇಳ್ಕೊಳ್ಳೋಕೆ ನಾಚ್ಕೊಳ್ತಿದ್ಲು."

ದುಫಿಯೆ ಒಳಗೆ ಹೋದಳು. ಮೂಲೆಯಲ್ಲಿ ಒಡೆದು ಬಹಳ ದಿನವಾಗಿದ್ದ ಹೆಪ್ಪಿನ ಡಬ್ಬ ಒಂದಿತ್ತು. ಗಾಳಿ ತಾಗಿ ಹೆಪ್ಪು ಹಳದಿಗೆ ತಿರುಗಿತ್ತು. ಹಳದಿ ಹೆಪ್ಪನ್ನು ತಿಳಿ ನದಿ ಬೇಕಾದವರು ಯಾರೂ ಕೊಳ್ಳುವುದಿಲ್ಲ. ಅದನ್ನು ಬಿಯರ್ ಬಾಟಲಿಗೆ ಮುಕ್ಕಾಲು ಸುರಿದು ತಂದು ಅವನ ಎದೆಗೆ ಒತ್ತಿದಳು. "ತಗೋ. ನಮ್ಮವ್ವನ ಹೆಸರಲ್ಲಿ. ಇಟ್ಕೋ, ಸುರೀಬೇಡ."

ಅವನು ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು, ಸಿಂಹ ಹೊಡೆದವನ ಹಾಗೆ ನಡೆದ. ಹಿಂದಿನವರು ಚಪ್ಪಾಳೆ ತಟ್ಟಿದರು.

ಸುರಿದ. ಸುರಿಯದೆ ಇರುತ್ತಾನೆಯೇ? ಕೊಸರು ಎಂದು ಬಂದದ್ದನ್ನು ಮಡಕೆಗೆ ಹಾಕದೆ ಪಕ್ಕಕ್ಕಿಡುವ ಗಂಡು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಸಾರಿಗೆ ಒಂದು ಮೀನು ಹೆಚ್ಚಾದರೆ ಸಾರು ರುಚಿ, ರಾಳಕ್ಕೆ ಹೆಪ್ಪು ಹೆಚ್ಚಾದರೆ ಇನ್ನೂ ಗಟ್ಟಿ. ಅವನ ಲೆಕ್ಕ ಇಷ್ಟೇ.

ಎರಡು ದಿನವಾದರೂ ನದಿ ಗಟ್ಟಿಯಾಗಲಿಲ್ಲ. ಬೆರಳಿಟ್ಟರೆ ಬೆರಳಿನ ಗುರುತು ಉಳಿಯಿತು. ಬಣ್ಣ ಕಾಮಾಲೆಯವನ ಕಣ್ಣಿನ ಹಾಗೆ. ಮೇಲೆ ನೊಣ ಕೂತವು, ಕೂತವು ಏಳಲಿಲ್ಲ. ಅದುತ್ವುಮ್ ನಾಲ್ಕನೆಯ ದಿನ ಕೇರಿಯ ಮರಗೆಲಸದವರ ಸಂಘದಲ್ಲಿ ದೂರು ಕೊಟ್ಟ: ದುಫಿಯೆ ಕೆಟ್ಟ ಸರಕು ಮಾರಿದ್ದಾಳೆ, ಅವಳನ್ನು ಕೇರಿಯಿಂದ ಎಬ್ಬಿಸಬೇಕು. ಮೊಳೆಯ ಮೂವರೂ ಅಂದು ಸಂಜೆಯೇ ಅಂಗಡಿಯ ಎದುರಿನಲ್ಲಿ ಅಡ್ಡಾಡಿದರು. ಕೆಟ್ಟ ಸರಕು ಎಂದು ಸಾಬೀತಾದರೆ ಜಾಗ ಹೋಗುತ್ತದೆ ಎಂಬುದು ಸಂಘದ ಹಳೆಯ ಕಟ್ಟುಪಾಡು. ದುಫಿಯೆಗೆ ಆ ಅರ್ಧ ಡಬ್ಬಿ ಬಿಟ್ಟರೆ ಅನ್ನಕ್ಕೆ ಇನ್ನೊಂದು ದಾರಿ ಇರಲಿಲ್ಲ.

ಸಭೆ ಗರಗಸದ ಚಪ್ಪರದಲ್ಲಿ ಸೇರಿತು. ಅಧ್ಯಕ್ಷ ಹಿರಿಯ ಎನ್ಸಿಯಾ. ಅರ್ಧ ಕಿವುಡ, ಹಾಗಾಗಿ ಕೇಳಿದ್ದರಲ್ಲಿ ಅರ್ಧವನ್ನಾದರೂ ಸರಿಯಾಗಿ ಕೇಳುತ್ತಿದ್ದ. ಮಿಕ್ಕವರದು ಅದೂ ಇಲ್ಲ.

"ಚಿತ್ರದಲ್ಲಿರೋ ಹಂಗೇ ಸುರಿದೆ. ನಲವತ್ತು ವರ್ಷದ ಕೈ ಇದು" ಎಂದ ಅದುತ್ವುಮ್. ಬಾಟಲಿಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಹೆಚ್ಚು ಸುರಿದದ್ದನ್ನೂ ಒಪ್ಪಬೇಕಾಗುತ್ತಿತ್ತು. ಟವಿಯಾ ತನ್ನ ಕಾಲಿನ ಉಗುರು ನೋಡುತ್ತಾ ಕೂತ. ಅವನ ಕೂಲಿ ಅದುತ್ವುಮನ ಕೈಯಲ್ಲಿತ್ತು.

ದುಫಿಯೆಯೂ ಬಾಟಲಿಯ ಸುದ್ದಿ ಎತ್ತಲಿಲ್ಲ. ಅದುತ್ವುಮ್ ಕೊಂಡ ಡಬ್ಬಗಳ ತಳದ ಅಂಕಿ ತೋರಿಸಿದಳು. ಅದೇ ಅಂಕಿಯ ಬೇರೆ ಡಬ್ಬಗಳನ್ನು ಸಭೆಯ ಮುಂದೆ ಒಡೆದಳು. ಎರಡು ಲೋಟ ರಾಳ, ಒಂದು ಲೋಟ ಹೆಪ್ಪು, ಅಂಚಿಗೆ ಸರಿಯಾಗಿ. ತಳ ಕೆರೆದು, ಬದಿ ಕೆರೆದು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿದಳು. ಒಂದು ಬಟ್ಟಲಿಗೆ ಹೊಯ್ದು ಎನ್ಸಿಯಾನ ಬೀರುವಿನಲ್ಲಿ ಇಟ್ಟು ಬೀಗ ಹಾಕಿಸಿದಳು. "ಎರಡು ದಿನ ಬಿಟ್ಟು ತೆಗೀರಿ" ಎಂದಳು. ಹೆಪ್ಪು ಹೆಚ್ಚಾದರೆ ಏನಾಗುತ್ತದೆಂದು ತೋರಿಸಲು ಇನ್ನೊಂದು ಬಟ್ಟಲು ಹೊಯ್ಯಬಹುದಿತ್ತು. ಹೊಯ್ಯಲಿಲ್ಲ. ಹೊಯ್ದರೆ ಬಾಟಲಿಯ ಮಾತು ಏಳುತ್ತಿತ್ತು, ಅಷ್ಟು ಬುದ್ಧಿ ಅವಳಿಗಿತ್ತು.

ಆ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಸರಕಿನ ಬಗ್ಗೆ ಭಯವಿರಲಿಲ್ಲ. ಹಳದಿ ಬಾಟಲಿ ಕಣ್ಣ ಮುಂದೆ ಬರುತ್ತಿತ್ತು.

ಮೂರನೆಯ ದಿನ ಬೀಗ ತೆಗೆದರು. ಬಟ್ಟಲಿನದು ಕಲ್ಲಾಗಿತ್ತು. ಎನ್ಸಿಯಾ ಅದನ್ನು ಕಬ್ಬಿಣದ ಮೇಲೆ ಬಡಿದ, ಬೆಳಕಿಗೆ ಹಿಡಿದ, ಮೂಸಿದ, ಯಾಕೋ ನೆಕ್ಕಿಯೂ ನೋಡಿದ. "ಸರಕು ಸರಿಯಾಗಿದೆ" ಎಂದ. ಮೊಳೆಯ ಮೂವರಲ್ಲಿ ಇಬ್ಬರು ಆಗಲೇ ಎದ್ದು ಹೋದರು.

ದುಫಿಯೆ ಗೆದ್ದಿದ್ದಳು. ಸೊಂಟದ ಬಟ್ಟೆ ಬಿಗಿದುಕೊಂಡು ಮನೆಗೆ ಹೋಗಬೇಕಿತ್ತು, ಅಷ್ಟೇ. ಆದರೆ ಗಂಡಸರು ಸಭೆ ಸೇರಿದ ಮೇಲೆ ಕಾರಣ ಕಂಡುಹಿಡಿಯದೆ ಏಳುತ್ತಾರೆಯೇ?

"ಹಂಗಾದ್ರೆ ಮಾಸ್ಟರಿಂದು ಯಾಕೆ ಗಟ್ಟಿ ಆಗ್ಲಿಲ್ಲ?" ಎಂದ ಒಬ್ಬ.

"ಆ ಮರ ಗುರುವಾರ ಕಡಿದಿದ್ದು. ಭೂಮಿತಾಯಿ ಮಲಗೋ ದಿನ. ಅವಳು ಬಿಡ್ತಾಳಾ?"

"ಗುರುವಾರ ಅಲ್ಲ ಮಾರಾಯ, ಫೋನಿನ ಕಂಬ. ಅದುತ್ವುಮ್ ಅಂಗಡಿ ಮೇಲೇ ಇದೆ ನೋಡು. ಅದರ ಅಲೆ ಬಡಿದು ರಾಳ ನಿದ್ದೆ ಕೆಡ್ತು."

"ಚರ್ಚಿನ ಹೆಂಗಸರು ಬಂದು ಸುರಿಯೋವಾಗ ಹಾಡು ಹೇಳಿದ್ರಂತೆ. ದನಿ ಅದುರಿಗೆ ಹೆಪ್ಪು ಕೂರಲಿಲ್ಲ."

"ಹಾಡು ಬರ್ದೇ ಇದ್ದವರು ಹಾಡಿದ್ರೆ ಹಂಗೇ" ಎಂದು ಇನ್ನೊಬ್ಬ ತಲೆಯಾಡಿಸಿದ. ಅದುತ್ವುಮ್ ಹಿಗ್ಗಿ ಹೋಗಿ, "ನಾನೂ ಅದನ್ನೇ ಅಂದ್ಕೊಂಡೆ. ಆವತ್ತು ಅದುರು ನನಗೆ ಹಲಗೇಲಿ ಗೊತ್ತಾಯ್ತು" ಎಂದ. ಎನ್ಸಿಯಾ ಕಿವಿಗೆ ಕೈ ಹಿಡಿದು, "ಏನಂತೆ, ಕಂಬ ಹಾಡಿತಂತಾ?" ಎಂದು ಕೇಳಿದ. ಕಂಬ ಕೀಳಿಸಲು ಅರ್ಜಿ ಬರೆಯೋಣ ಎಂದು ಮತ್ತೊಬ್ಬ ಕಾಗದ ಹುಡುಕಿದ.

ದುಫಿಯೆ ಎಷ್ಟು ತಡೆದಳೋ ತಡೆದಳು. ಅವಳಿಗೆ ಹಸಿವು ತಡೆಯಲು ಬರುತ್ತಿತ್ತು, ಗಂಡನಿಲ್ಲದ ಮನೆ ತಡೆಯಲು ಬರುತ್ತಿತ್ತು, ದಡ್ಡತನ ತಡೆಯಲು ಬರುತ್ತಿರಲಿಲ್ಲ.

"ಬಾಯಿ ಮುಚ್ರೋ!" ಎಂದಳು. "ಕಂಬವಂತೆ, ಹಾಡಂತೆ! ಹೆಪ್ಪು ಹೆಚ್ಚಾಗಿದೆ, ಅಷ್ಟೇ. ಮುಕ್ಕಾಲು ಬಾಟಲಿ ಹೆಚ್ಚಾಗಿದೆ. ಎರಡಕ್ಕೆ ಒಂದು ಅಂದ್ರೆ ರಾಳದ ಒಂದೊಂದು ಹನಿಗೂ ಹೆಪ್ಪು ಸಿಗುತ್ತೆ. ಮಿಕ್ಕ ಹೆಪ್ಪಿಗೆ ಜೊತೆ ಇಲ್ದೆ ಹಂಗೇ ಅಂಟಂಟಾಗಿ ಕೂತಿದೆ. ನೊಣ ಹಿಡಿಯೋಕೆ ಲಾಯಕ್ಕು."

ಎನ್ಸಿಯಾ ಇಷ್ಟನ್ನು ಪೂರ್ತಿ ಕೇಳಿಸಿಕೊಂಡಿದ್ದ. "ಮುಕ್ಕಾಲು ಬಾಟಲಿ ಅಂತ ನಿನಗೆ ಹೇಗೆ ಗೊತ್ತು, ದುಫಿಯೆ?"

ಅವಳು ಹೇಳಿದಳು. ಮುಚ್ಚಿಡಲು ಇನ್ನು ಏನೂ ಉಳಿದಿರಲಿಲ್ಲ. "ನಾನೇ ಕೊಟ್ಟೆ. ನಮ್ಮವ್ವನ ಹೆಸರು ಎತ್ತಿದ, ನನಗೆ ಉರೀತು. ಒಳ್ಳೇದೂ ಕೊಡ್ಲಿಲ್ಲ. ಮಾರೋಕಾಗದ ಹಳದಿ ಹೆಪ್ಪು ಕೊಟ್ಟೆ. ಕೊಸರು ಕೊಟ್ಟ ಹಂಗೂ ಆಗ್ಲಿ, ಮೂಲೆ ಖಾಲಿನೂ ಆಗ್ಲಿ ಅಂತ. ಸುರೀಬೇಡ ಅಂತ ಬಾಯಲ್ಲಿ ಅಂದೆ. ಇವನು ಸುರೀತಾನೆ ಅಂತ ನನಗೆ ಗೊತ್ತಿರ್ಲಿಲ್ವಾ? ಇವನ ಕೈಗೆ ಬೆಂಕಿಪೊಟ್ಟಣ ಕೊಟ್ಟು ಹಚ್ಚಬೇಡ ಅಂದ ಹಂಗೆ. ಇವನು ಪೆದ್ದ. ನಾನು ಗೊತ್ತಿದ್ದೂ ಮಾಡಿದ ಪೆದ್ದಿ. ಎಬ್ಬಿಸೋದಾದ್ರೆ ಎಬ್ಬಿಸಿ, ಕಂಬಕ್ಕೆ ಮಾತ್ರ ಅರ್ಜಿ ಬರೀಬೇಡಿ."

ಉಳಿದಿದ್ದ ಮೊಳೆಯವನು ಮುಂದಕ್ಕೆ ಬಾಗಿದ. ಎನ್ಸಿಯಾ ಗಲ್ಲ ಕೆರೆದುಕೊಂಡ.

"ಕೆಟ್ಟ ಸರಕು ಮಾರಿದ್ರೆ ಜಾಗ ಹೋಗುತ್ತೆ ಅಂತ ಕಟ್ಟು. ಇವಳು ಮಾರಿದ್ದು ಒಳ್ಳೇದು, ಕೆಟ್ಟದ್ದು ಪುಗಸಟ್ಟೆ ಕೊಟ್ಟಿದ್ದು. ಪುಗಸಟ್ಟೆ ಬಗ್ಗೆ ಕಟ್ಟು ಇಲ್ಲ. ಅಂಗಡಿ ಇರಲಿ. ಆದರೆ ಆ ಪೀಠದೊಳಗಿನ ಗಬ್ಬನ್ನ ಇಬ್ಬರೂ ಕೂತು ಕೆರೆದು ತೆಗೀಬೇಕು, ಹೊಸ ರಾಳ ಅವಳದು, ಕೈ ಅವನದು. ಪೀಠ ಚರ್ಚಿಗೆ ಹೋಗೋವರೆಗೂ ಅವಳ ಬಾಗಿಲು ತೆಗೆಯೋ ಹಂಗಿಲ್ಲ."

ಐದು ದಿನ ಕೆರೆದರು. ಅರೆಬೆಂದ ಫುಫು ಮುದ್ದೆಯ ಹಾಗೆ ಉಳಿಗೆ ಅಂಟಿಕೊಂಡು ಬರುತ್ತಿತ್ತು, ಉಳಿಯಿಂದ ಬಿಡಿಸಿದರೆ ಬಟ್ಟೆಗೆ ಅಂಟುತ್ತಿತ್ತು. ದುಫಿಯೆ ಕೈಗವಸು ಹಾಕಿಕೊಂಡು ತೋಳಿಗೆ ಬಟ್ಟೆ ಸುತ್ತಿದಳು. ಅವನಿಗೂ ಒಂದು ಜೊತೆ ಕೊಟ್ಟಳು.

"ನಲವತ್ತು ವರ್ಷದ ಕೈಗೆ ಕುಪ್ಪಸ ಬೇಕಾ?" ಎಂದ.

ಎರಡನೆಯ ದಿನಕ್ಕೆ ನಲವತ್ತು ವರ್ಷದ ಕೈ ಮೊಣಕೈ ತನಕ ಕೆಂಪಾಗಿ ಉಬ್ಬಿ, ಅವನು ಕಂಬಕ್ಕೆ ಉಜ್ಜಿಕೊಳ್ಳುತ್ತಾ ನಿಂತಿದ್ದ. "ತಿನ್ನರ್ ಹಚ್ಕೊಳ್ತೀನಿ" ಎಂದ.

"ಹಚ್ಕೋ. ಇನ್ನೂ ಒಳಕ್ಕೆ ಇಳಿಯುತ್ತೆ. ಸೋಪು ಹಾಕಿ ತೊಳ್ಕೋ, ಮೂರ್ಖ. ಆಮೇಲೆ ಕೈಗವಸು ಹಾಕ್ಕೋ."

ಹಾಕಿಕೊಂಡ. ಮತ್ತೆ ಉಳಿ ಹಿಡಿದು ಕೆಳಗೆ ನೋಡುತ್ತಲೇ, "ಸಭೇಲಿ ನೀನು ಬಾಯಿ ಬಿಡ್ದೇ ಇದ್ದಿದ್ರೆ ಗೆದ್ದು ಮನೆಗೆ ಹೋಗ್ತಿದ್ದೆ. ಯಾಕೆ ಬಿಟ್ಟೆ?" ಎಂದು ಕೇಳಿದ. "ನನ್ನ ಮೇಲೆ ಕನಿಕರಾನಾ?"

"ನಿನ್ನ ಮೇಲಾ? ಆ ಕನಿಕರಾನ ಒಂದು ಹುಳದ ಮೇಲೆ ಇಟ್ರೆ ಅದು ಬದುಕಿ ನಾಲ್ಕು ಮರಿನಾದ್ರೂ ಹಾಕುತ್ತೆ. ಆ ಫೋನಿನ ಕಂಬದ ಮಾತು ಕೇಳೋಕಾಗ್ಲಿಲ್ಲ."

ಮರ ಉಜ್ಜಿ ಒಣಗಿಸಿದ ಮೇಲೆ ಅವಳೇ ಅಳೆದಳು. ಅವನು ಲೋಟದ ಅಂಚಿಗೆ ಕಣ್ಣಿಟ್ಟು ಕೂತ. ಒಂದೇ ಸಲಕ್ಕೆ ಬೇಡ, ಬೆರಳು ದಪ್ಪ ಹೊಯ್ದು, ಅದು ಕಚ್ಚಿಕೊಂಡ ಮೇಲೆ ಇನ್ನೊಂದು ಬೆರಳು ಎಂದಳು. ಅವನು ಎದುರಾಡಲಿಲ್ಲ, ಕೈ ತುರಿಸುತ್ತಿತ್ತು. ಸುರಿದು ಉಳಿದ ಚೂರುಪಾರು ರಾಳಕ್ಕೂ ಸರಿಯಾದ ಹೆಪ್ಪು ಸೇರಿಸಿ, ಕಲ್ಲಾಗುವವರೆಗೆ ಬಿಟ್ಟು, ಆಮೇಲೆ ಎಸೆದಳು. ದ್ರವವನ್ನು ಚರಂಡಿಗೆ ಸುರಿಯುವವರ ಬಗ್ಗೆ ಅವಳಿಗಿದ್ದ ಅಭಿಪ್ರಾಯವನ್ನು ಬರೆಯುವ ಹಾಗಿಲ್ಲ.

ಪೀಠ ಈಸ್ಟರಿಗೆ ಮುಂಚೆ ಚರ್ಚಿಗೆ ಹೋಯಿತು. ನದಿ ಒಳ್ಳೆಯದಾಗಿಯೇ ಬಂದಿತ್ತು. ಪಾದ್ರಿ ಅದರ ಮೇಲೆ ಕೈಯಿಟ್ಟು ಒಂದೂವರೆ ಗಂಟೆ ಮಾತಾಡಿದನಂತೆ. ಅದುತ್ವುಮ್ ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ಉಟ್ಟು, ಕೈಯ ಕೆಂಪು ಕಾಣದ ಹಾಗೆ ತೋಳು ಉದ್ದ ಇಳಿಸಿಕೊಂಡು ಕೂತಿದ್ದನಂತೆ. ಯಾರೋ ಕೇಳಿದ್ದಕ್ಕೆ, "ಒಂದೇ ಸಲಕ್ಕೆ ಸುರಿದೆ, ಅಳತೆನೂ ಇಲ್ಲ, ಏನೂ ಇಲ್ಲ. ನಲವತ್ತು ವರ್ಷದ ಕೈ" ಎಂದನಂತೆ.

ಈ ಮಾತನ್ನು ದುಫಿಯೆಯ ಕಿವಿಗೆ ಹಾಕಲು ಟವಿಯಾ ಸೋಮವಾರ ಸಂಜೆ ಓಡಿ ಬಂದ. ಅವಳ ಬಾಗಿಲು ತೆರೆದು ಆಗಲೇ ಒಂದು ಹಗಲು ಕಳೆದಿತ್ತು. ಮೊಳೆಯ ಮೂವರೂ ಬೆಳಿಗ್ಗೆಯೇ ಬಂದು ಬೋಣಿ ಮಾಡಿ ಹೋಗಿದ್ದರು. ಮೂವರೂ ಕೊಸರು ಕೇಳಿದ್ದರು. ಮೂವರಿಗೂ ಕಡ್ಡಿ ಸಿಕ್ಕಿತ್ತು.

"ಹೋಗಿ ಮುಖಕ್ಕೆ ಉಗಿದು ಬರ್ತೀಯಾ ಅಮ್ಮಾ? ನಾನೂ ಬರ್ತೀನಿ" ಎಂದ ಟವಿಯಾ, ಆಸೆಯಿಂದ.

"ಸಭೇಲಿ ಉಗುರು ನೋಡ್ತಾ ಕೂತಿದ್ಯಲ್ಲ, ಅದೇನಾದ್ರೂ ಬೆಳೀತಾ?" ಎಂದಳು.

ಟವಿಯಾ ಇನ್ನಷ್ಟು ಹೊತ್ತು ನಿಂತು, ಬೇರೇನೂ ಸಿಗುವ ಹಾಗೆ ಕಾಣದಿದ್ದಾಗ ಹೊರಟುಹೋದ. ದುಫಿಯೆ ಸ್ಟೂಲು ಎಳೆದುಕೊಂಡು, ರಾತ್ರಿಯ ಸಾರಿಗೆ ತಂದ ಕೆಸುವಿನ ಸೊಪ್ಪಿನ ಕಟ್ಟನ್ನು ಮಡಿಲಿಗೆ ಹಾಕಿಕೊಂಡಳು. ಒಂದೊಂದೇ ಎಲೆ ತಿರುಗಿಸಿ ಹುಳ ನೋಡಿದಳು, ತೊಟ್ಟಿನ ನಾರು ಎಳೆದಳು, ಹರಿದು ಕೊಳಗದ ನೀರಿಗೆ ಹಾಕಿದಳು.